ಭೂಕಂಪ ಆದಾಗ ಬಟ್ಟೆ ಕಳಿಸೋದಾ, ದುಡ್ಡು ಕಳಿಸೋದಾ?

ಎಲ್ಲೋ ದೊಡ್ಡ ಭೂಕಂಪ ಆಯ್ತು ಅಂದ ಕೂಡಲೇ ನಾವು ಹಳೇ ಬಟ್ಟೆ, ಕಂಬಳಿ ಒಟ್ಟು ಮಾಡೋಕೆ ಶುರು ಮಾಡ್ತೀವಿ. ಮನಸ್ಸು ಒಳ್ಳೇದೇ. ಆದರೆ 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಏನಾಯ್ತು ನೋಡಿ. 7.8 ತೀವ್ರತೆಯ ಭೂಕಂಪ, ಸುಮಾರು 9 ಸಾವಿರ ಜನರ ಸಾವು. ಕಠ್ಮಂಡುವಿನ ವಿಮಾನ ನಿಲ್ದಾಣಕ್ಕೆ ಇದ್ದದ್ದು ಒಂದೇ ರನ್‌ವೇ. ಪರಿಹಾರ ಹೊತ್ತು ಬಂದ ಕೆಲವು ವಿಮಾನಗಳು ಇಳಿಯೋಕಾಗದೆ ವಾಪಸ್ ಹೋದವು. ಅಂಥ ಕಡೆ ನಮ್ಮ ಬಟ್ಟೆ ಮೂಟೆ, ಟಾರ್ಪಾಲು, ಔಷಧಿಯ ಜಾಗವನ್ನ ತಿನ್ನುತ್ತೆ.

ದುಡ್ಡಿಗೆ ರನ್‌ವೇ ಬೇಡ. ಅಲ್ಲಿ ಕೆಲಸ ಮಾಡ್ತಿರೋ ನಂಬಿಕಸ್ಥ ಸಂಸ್ಥೆಗೆ ನೂರು ರೂಪಾಯಿ ಕೊಟ್ಟರೂ, ಬೇಕಾದ್ದನ್ನ ಅವರೇ ಹತ್ತಿರದಲ್ಲಿ ಕೊಳ್ತಾರೆ. ಆದರೆ ವಾಟ್ಸಾಪ್‌ನಲ್ಲಿ ಬಂದ ಕ್ಯೂಆರ್ ಕೋಡ್‌ಗೆ ಹಾಕಬೇಡಿ. ಸಂಸ್ಥೆಯ ವೆಬ್‌ಸೈಟ್‌ಗೇ ಹೋಗಿ.

ದುಡ್ಡಿಲ್ವಾ? ಸಮಯ ಕೊಡಿ. ಆಗ ಸಾವಿರಾರು ಜನ ಬೇರೆ ಬೇರೆ ದೇಶಗಳಲ್ಲಿ ಕೂತೇ, ಉಪಗ್ರಹ ಚಿತ್ರ ನೋಡಿ, ನೇಪಾಳದ ರಸ್ತೆ, ಮನೆಗಳನ್ನ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗುರುತು ಮಾಡಿದರು. ರೆಡ್ ಕ್ರಾಸ್‌ನಂಥ ಸಂಸ್ಥೆಗಳು ಆ ನಕ್ಷೆಯನ್ನ ಬಳಸಿದವು. ಇದನ್ನ ನೀವೂ ಕಲಿಯಬಹುದು.

ಕೊನೇ ಮಾತು. ಸುದ್ದಿ ಬೇಗ ತಣ್ಣಗಾಗುತ್ತೆ, ಮನೆ ಕಟ್ಟೋಕೆ ವರ್ಷಗಳೇ ಬೇಕು. ಮೂರು ತಿಂಗಳಾದ ಮೇಲೂ ಒಂದು ಸಲ ನೆನಪು ಮಾಡ್ಕೊಂಡು ಕೊಡಿ.