ಮಕ್ಕಳ ದನಿಯ ಪರೀಕ್ಷೆ

ಮಗುವಿನ ಕಣ್ಣು ಮಂದವಾದರೆ ಕರಿಹಲಗೆಯ ಅಕ್ಷರ ಕಾಣದು. ಹಲ್ಲು ಹುಳುಕಾದರೆ ನೋವು ತಾನೇ ಹೇಳಿಕೊಳ್ಳುತ್ತದೆ. ದನಿ ಕೆಟ್ಟರೆ ಸಾಮಾನ್ಯವಾಗಿ ನೋವಿಲ್ಲ. ‘ಅವನ ಗಂಟಲೇ ಹಾಗೆ’ ಎಂದು ಮನೆಯವರು ಸುಮ್ಮನಾಗುವರು. ಗೊಗ್ಗರು ದನಿಯೆಂಬುದು ಹುಟ್ಟುಗುಣವೆಂಬ ಈ ನಂಬಿಕೆಯನ್ನು ಕುರಿತು ಶ್ರೋತೃಗಳೊಡನೆ ನಾಲ್ಕು ಮಾತನಾಡಬೇಕೆಂದಿದ್ದೇವೆ.

ಶಾಲೆಗೆ ಹೋಗುವ ಮಗು ಮಾತನಾಡುವಾಗ ಅದರ ಎರಡು ಧ್ವನಿತಂತುಗಳು ಸೆಕೆಂಡಿಗೆ ಸುಮಾರು 250 ಸಲ, ಒಮ್ಮೊಮ್ಮೆ ಇನ್ನೂ ಹೆಚ್ಚಾಗಿ, ಒಂದನ್ನೊಂದು ತಾಗುತ್ತವೆ. ದಿನವೂ ಕಿರಿಚುವ ಮಗುವಿಗೆ, ಗುದ್ದಲಿ ಹಿಡಿದವನ ಅಂಗೈ ಜಡ್ಡುಗಟ್ಟುವಂತೆ, ತಂತುಗಳು ತಾಗುವೆಡೆಯಲ್ಲಿ ಸಣ್ಣ ಗಂಟುಗಳೇಳುತ್ತವೆ. ಗಂಡುಹುಡುಗರಲ್ಲಿ ಇದು ಹೆಚ್ಚು. ದನಿಯನ್ನು ಬಳಸುವ ಬಗೆಯನ್ನು ತಿದ್ದಿದರೆ ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಇಳಿಯತಕ್ಕ ದೋಷವಿದು. ಆದರೆ ಅಪರೂಪವಾಗಿ ಅದೇ ಗೊಗ್ಗರಿನ ಹಿಂದೆ ವೈರಾಣುವಿನಿಂದ ಹುಟ್ಟಿದ ನರುಲಿಯಂಥ ಬೆಳೆತವಿರಬಹುದು. ಅದು ಉಸಿರಿನ ದಾರಿಯನ್ನೇ ಮುಚ್ಚಬಲ್ಲದು. ಹೊರಗೆ ಕೇಳುವವರಿಗೆ ಎರಡೂ ಒಂದೇ ದನಿ; ಒಳಗೆ ನೋಡಿಯೇ ತಿಳಿಯಬೇಕು. ಹಾಗೆ ನೋಡುವ ದಾರಿಯನ್ನು ಚಿಕ್ಕ ಕನ್ನಡಿ ಮತ್ತು ಬಿಸಿಲಿನ ನೆರವಿನಿಂದ ತೋರಿಸಿ, 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿಮಾಡಿದ ಮ್ಯಾನುಯೆಲ್ ಗಾರ್ಸಿಯಾ ವೈದ್ಯನಲ್ಲ, ಸಂಗೀತದ ಉಪಾಧ್ಯಾಯ!

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಮಕ್ಕಳಲ್ಲಿ ಹುಡುಕಬೇಕೆಂದು ಪಟ್ಟಿಮಾಡಿದ 30 ತೊಂದರೆಗಳಲ್ಲಿ ಕಿವುಡುತನವುಂಟು, ಮಾತು ತಡವಾಗುವುದುಂಟು. ದನಿಯ ದೋಷಕ್ಕೆ ಬೇರೆ ಹೆಸರಿಲ್ಲ. ಆದುದರಿಂದ ಈ ಕೆಲಸವು ಉಪಾಧ್ಯಾಯರ ಕಿವಿಗೇ ಬೀಳುತ್ತದೆ. ಮಗುವನ್ನು ಸದ್ದಿಲ್ಲದ ಕೋಣೆಗೆ ಕರೆದು ಹೆಸರು, ಊರು ಕೇಳಬೇಕು; ಒಂದರಿಂದ ಹತ್ತರವರೆಗೆ ಎಣಿಸಲು ಹೇಳಬೇಕು; ಒಂದೇ ಉಸಿರಿನಲ್ಲಿ ‘ಆ’ ಎಂದು ಎಳೆಯಿಸಬೇಕು. ದನಿ ನಡುವೆ ಒಡೆಯುವುದೇ, ಗಾಳಿ ಸೋರುವುದೇ, ಮಾತು ಮೂಗಿನಿಂದ ಬರುವುದೇ ಎಂಬುದನ್ನು ಗಮನಿಸಲು ಎರಡು ನಿಮಿಷ ಸಾಕು. ಕಿವಿ ಮಂದವಾದ ಮಗುವೂ ಗಟ್ಟಿಯಾಗಿ ಮಾತನಾಡಿ ಗಂಟಲು ಕೆಡಿಸಿಕೊಳ್ಳುವುದುಂಟು. ಕೇಳುವಿಕೆಯನ್ನೂ ಜೊತೆಗೇ ನೋಡುವುದು ಒಳಿತು.

ಕಾಲವನ್ನು ನೋಡಿಕೊಳ್ಳಬೇಕು. ಆಲೂರಿಗೂ ಸಕಲೇಶಪುರಕ್ಕೂ ನಡುವಣ ಬಾಳ್ಳುಪೇಟೆಯಂಥ ಮಲೆನಾಡಿನ ಊರಿನಲ್ಲಿ ಆಷಾಢದ ಮಳೆ ಹಿಡಿದಾಗ ಪರೀಕ್ಷೆಗೆ ಕುಳಿತರೆ ನೆಗಡಿಯಿಂದ ಗಂಟಲು ಕಟ್ಟಿದ ಮಕ್ಕಳೇ ಪಟ್ಟಿಯನ್ನು ತುಂಬಿಯಾರು. ಮಳೆ ಹಿಂದಾದ ಮೇಲೆ ಕೇಳುವುದು, ಸಂಶಯ ಬಂದ ಮಗುವನ್ನು ಮೂರು ವಾರ ಬಿಟ್ಟು ಮತ್ತೆ ಕೇಳುವುದು ಮೇಲು. ಉಸಿರೆಳೆಯುವಾಗ ಸದ್ದಾದರೆ ಮಾತ್ರ ಒಂದು ದಿನವೂ ಕಾಯತಕ್ಕದ್ದಲ್ಲ.

ಆಮೇಲಿನ ದಾರಿಯೇ ಕಷ್ಟದ್ದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯುಂಟು. ಗಂಟಲನ್ನು ನೋಡುವ ವೈದ್ಯರು ಹಾಸನದಲ್ಲೇ ಉಂಟು. ಆದರೆ ದನಿ ತಿದ್ದುವ ಪಾಠ ಒಂದು ದಿನದಲ್ಲಿ ಮುಗಿಯುವುದಲ್ಲ. ಕಾಫಿ ತೋಟದ ಕೂಲಿಯಿಂದ ಬದುಕುವ ತಾಯಿಯು ಪ್ರತಿ ವಾರವೂ ಕೂಲಿ ಬಿಟ್ಟು ಮೈಸೂರಿಗೆ ಬರಲೆಂದು ನಗರದ ನಾವು ಹೇಳುವುದು ಸುಲಭ. ತಾಲ್ಲೂಕು ಆಸ್ಪತ್ರೆಗೆ ಗೊತ್ತಾದ ದಿನ ವಾಕ್ ಚಿಕಿತ್ಸಕರೊಬ್ಬರು ಬರುವಂತಾಗಬೇಕೆಂಬುದು ನಮ್ಮ ಅಭಿಪ್ರಾಯ. ಅಲ್ಲಿಯವರೆಗೆ ಉಪಾಧ್ಯಾಯರು ಒಂದು ಚೀಟಿಯಲ್ಲಿ ದನಿ ಎಂದಿನಿಂದ ಕೆಟ್ಟಿದೆ, ಬೆಳಗಿಗೂ ಸಂಜೆಗೂ ವ್ಯತ್ಯಾಸವುಂಟೆ, ಉಸಿರಿನಲ್ಲಿ ಸದ್ದುಂಟೆ ಎಂಬ ಮೂರನ್ನು ಬರೆದು ಪೋಷಕರ ಕೈಗೆ ಕೊಡಲಿ. ವೈದ್ಯರು ಮೊದಲು ಕೇಳುವ ಪ್ರಶ್ನೆಗಳೂ ಇವೇ.