ದಫ್ತರಕ್ಕೆ ಏರದ ಹೆಸರು

(ನಿಪ್ಪಾಣಿಯಲ್ಲಿ ಬೀಡಿ ಮತ್ತು ತಂಬಾಕು ಕೆಲಸದ ಹೆಣ್ಣುಮಕ್ಕಳ ಅಭ್ಯಾಸವರ್ಗದಲ್ಲಿ ಮಾಡಿದ ಭಾಷಣ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಸೋದರಿಯರೂ ಬಂದಿದ್ದರು.)



ಸ್ತ್ರೀಯರ ಹಕ್ಕಿನ ಹೋರಾಟದ ಇತಿಹಾಸ ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ಇತಿಹಾಸವೆಂದ ಕೂಡಲೆ ನಮ್ಮ ಜನರಿಗೆ ಕಿತ್ತೂರ ಚೆನ್ನಮ್ಮನ ಖಡ್ಗ ನೆನಪಾಗುವದು. ಆಗತಕ್ಕದ್ದೇ, 1824ರಲ್ಲಿ ಇಂಗ್ಲಿಷರ ದಂಡನ್ನು ಹಿಮ್ಮೆಟ್ಟಿಸಿದ ಆ ರಾಣಿ ನಮ್ಮ ಜಿಲ್ಲೆಯವಳು. ಆದರೆ ಇಲ್ಲಿ ಕುಳಿತವರ ಕೈಯಲ್ಲಿ ಖಡ್ಗವಿಲ್ಲ, ಎಲೆ ಕತ್ತರಿಸುವ ಕತ್ತರಿಯಿದೆ. ಆದ್ದರಿಂದ ಕತ್ತರಿಯವರ ಇತಿಹಾಸವನ್ನೇ ಹೇಳುವೆನು.

ನಾನು ಕೆಲವು ವರ್ಷ ಶಾಲೆಯಲ್ಲಿ ಹಾಜರಿಪಟ್ಟಿ ಹಿಡಿದವನು. ಪಟ್ಟಿಯಲ್ಲಿ ಹೆಸರಿದ್ದ ಮಗುವನ್ನು ಸರಕಾರ ಲೆಕ್ಕಕ್ಕೆ ಹಿಡಿಯುವದು. ಹೆಸರಿಲ್ಲದ ಮಗು ಬಾಗಿಲಲ್ಲಿ ನಿಂತಿದ್ದರೂ ಲೆಕ್ಕಕ್ಕಿಲ್ಲ. ಹೆಣ್ಣಿನ ಹಕ್ಕಿನ ಕಥೆಯೂ ಹಾಗೆಯೇ. ಕಾಯ್ದೆಯಾದ ಮಾತ್ರಕ್ಕೆ ಹಕ್ಕು ಮನೆಗೆ ಬರಲಿಲ್ಲ. ಅವಳ ಹೆಸರು ದಫ್ತರಕ್ಕೆ ಏರಿದಾಗ ಬಂದಿತು. ಮತ್ತು ಒಬ್ಬಂಟಿಯಾಗಿ ಹೋದವಳ ಹೆಸರನ್ನು ಯಾವ ದಫ್ತರದವನೂ ಸುಲಭವಾಗಿ ಏರಿಸಲಿಲ್ಲ.

12ನೆಯ ಶತಮಾನದಲ್ಲಿ ಕಲ್ಯಾಣದ ಶರಣರೊಳಗೆ 30ಕ್ಕೂ ಹೆಚ್ಚು ಹೆಣ್ಣುಮಕ್ಕಳು ವಚನ ರಚಿಸಿದರು. ಅವರ ಹೆಸರು ಕೇಳಿರಿ: ನೂಲುವ ಕದಿರೆ ರೆಮ್ಮವ್ವೆ, ಕುಟ್ಟುವ ಕೊಟ್ಟಣದ ಸೋಮಮ್ಮ, ಅಕ್ಕಿ ಆಯ್ದು ಬದುಕಿದ ಮನೆಯ ಆಯ್ದಕ್ಕಿ ಲಕ್ಕಮ್ಮ. ಗಂಡನ ಮನೆತನದಿಂದಲ್ಲ, ತಾವು ಮಾಡಿದ ಕಾಯಕದಿಂದ ಇವರು ಗುರುತಾದರು. ಕಲ್ಯಾಣ ಚದುರಿದ ಮೇಲೆ ದುಡಿಯುವ ಹೆಣ್ಣಿನ ಹೆಸರು ಮತ್ತೆ ಅಳಿಸಿ ಹೋಯಿತು. ಅವಳು ಇಂಥವನ ಮಗಳು, ಇಂಥವನ ಹೆಂಡತಿ ಆಗಿ ಉಳಿದಳು.

ಈ ಮಾತು ಎಷ್ಟು ದೂರ ಮುಟ್ಟಿತೆಂಬುದಕ್ಕೆ ಒಂದು ನಿದರ್ಶನ. ಮುಂಬಯಿ ಇಲಾಖೆಯಲ್ಲಿ 1921ರಲ್ಲಿ ಸ್ತ್ರೀಯರಿಗೆ ಮತ ದೊರೆಯಿತು, ಆದರೆ ಆಸ್ತಿ, ತೆರಿಗೆ ಇದ್ದವರಿಗೆ ಮಾತ್ರ. 1950ರ ಸಂವಿಧಾನ ವಯಸ್ಕರೆಲ್ಲರಿಗೂ ಮತ ಕೊಟ್ಟಿತು. ಮೊದಲ ಸಾರ್ವತ್ರಿಕ ಚುನಾವಣೆ 1951-52ರಲ್ಲಿ ನಡೆಯಿತು. ಆಗ ಮತದಾರರ ಪಟ್ಟಿಯಿಂದ ಸುಮಾರು 28 ಲಕ್ಷ ಹೆಣ್ಣುಮಕ್ಕಳನ್ನು ಕೈಬಿಡಬೇಕಾಯಿತು. ಹೆಚ್ಚಾಗಿ ಉತ್ತರದ ಪ್ರಾಂತಗಳಲ್ಲಿ ನಡೆದ ಸಂಗತಿ ಇದು. ಕಾರಣ? ಅವರು ತಮ್ಮ ಹೆಸರು ಹೇಳದೆ ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೇ ಬರೆಸಿದ್ದರು. ಸಂವಿಧಾನ ಕೊಟ್ಟಿತು, ಪಟ್ಟಿ ಕಸಿದುಕೊಂಡಿತು!

ಈಗ ನಮ್ಮ ಊರಿಗೆ ಬರೋಣ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಧೂಳು ನುಂಗಿ ದುಡಿದವರು ಹೆಣ್ಣುಮಕ್ಕಳು. ಮನೆಯ ಹೊಸ್ತಿಲಲ್ಲಿ ಕುಳಿತು ಬೀಡಿ ಕಟ್ಟಿದವರೂ ಅವರೇ. ಅಂದು ನಿಪ್ಪಾಣಿ ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು. ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದಲ್ಲಿ ಸುಭಾಷ ಜೋಶಿಯವರೊಂದಿಗೆ ಈ ಹೆಣ್ಣುಮಕ್ಕಳು ಒಟ್ಟುಗೂಡಿದರು, ಪಗಾರ ಕೇಳಿದರು, ಮುಷ್ಕರ ಹೂಡಿದರು. ಯುಗಾಂತರವೆಂಬ ಸ್ತ್ರೀಯರ ಚಿತ್ರತಂಡದವರು ಬಂದು ಇವರ ಮೇಲೆ 1982ರಲ್ಲಿ ಒಂದು ಚಿತ್ರ ಮಾಡಿದರು. ಅದರಲ್ಲಿ ಪೇಟೆಯ ನಟಿಯರಿಲ್ಲ. ವಖಾರಿಯ ಹೆಣ್ಣುಮಕ್ಕಳೇ ತಮ್ಮ ಮಾತನ್ನು ತಾವೇ ಆಡಿದ್ದಾರೆ. ಅದೇ ಕಾಲದಲ್ಲಿ, 1981ರ ಏಪ್ರಿಲ್ 6ರಂದು, ತಂಬಾಕಿಗೆ ನ್ಯಾಯವಾದ ದರ ಕೇಳಿದ ರೈತರು ಇದೇ ನಿಪ್ಪಾಣಿಯಲ್ಲಿ ಗುಂಡಿಗೆ ಬಲಿಯಾದರು. ಒಂದೇ ಎಲೆಯ ಮೇಲೆ ರೈತ ದರ ಕೇಳಿದ, ಹೆಣ್ಣುಮಗಳು ಪಗಾರ ಕೇಳಿದಳು. ರೈತನ ಹೋರಾಟವನ್ನು ನಾಡೆಲ್ಲ ನೆನೆಯುವದು, ಅವಳದನ್ನೂ ನೆನೆಯಬೇಕು.

ಬೀಡಿಯ ವ್ಯವಹಾರ ನಿಮಗೆ ನಾನು ಕಲಿಸಬೇಕಿಲ್ಲ. ಗುತ್ತೇದಾರ ಎಲೆ ತೂಗಿ ಕೊಡುವನು, ತಂಬಾಕು ತೂಗಿ ಕೊಡುವನು. ಎಲೆ ಸಾಲದಿದ್ದರೆ ನಿಮ್ಮ ಗಂಟಿನಿಂದ ತರಬೇಕು. ಸಾವಿರದ ಲೆಕ್ಕದಲ್ಲಿ ಪಗಾರ. ಕೆಟ್ಟದ್ದೆಂದು ಬದಿಗಿರಿಸಿದ ಬೀಡಿಗೆ ಕಾಸಿಲ್ಲ. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಕಾಯ್ದೆಯಾಯಿತು. ಮನೆಯಲ್ಲಿ ಕಟ್ಟುವವಳೂ ಕಾರ್ಮಿಕಳೆಂದು ಅದು ಒಪ್ಪಿತು. 1976ರಲ್ಲಿ ಕಲ್ಯಾಣ ನಿಧಿಯಾಯಿತು: ದವಾಖಾನೆ, ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆ ಕಟ್ಟಲು ಸಹಾಯ. ಆದರೆ ಇವೆಲ್ಲ ಯಾರಿಗೆ? ಗುರುತಿನ ಚೀಟಿ ಇದ್ದವಳಿಗೆ. ನಾಲ್ವರು ಕಟ್ಟಿದ ಬೀಡಿ ಒಬ್ಬಳ ಪುಸ್ತಕಕ್ಕೆ ಏರಿದರೆ ಉಳಿದ ಮೂವರು ಕಾಯ್ದೆಯ ಕಣ್ಣಿಗೆ ಬೀಳುವದೇ ಇಲ್ಲ. ಬೆರಳು ಸವೆದದ್ದು ನಾಲ್ವರದು, ಭವಿಷ್ಯನಿಧಿ ಒಬ್ಬಳದು.

ಕಾಯ್ದೆ ತಾನಾಗಿ ಕೆಲಸ ಮಾಡುವದಿಲ್ಲವೆಂಬುದಕ್ಕೆ ದೇವದಾಸಿಯರ ಸಂಗತಿಗಿಂತ ಬೇರೆ ಸಾಕ್ಷಿ ಬೇಡ. ರಾಯಬಾಗ ಅಂದು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಶಾಹೂ ಮಹಾರಾಜರು 1920ರಲ್ಲಿಯೇ ಈ ಪದ್ಧತಿಯ ವಿರುದ್ಧ ಕಾಯ್ದೆ ಮಾಡಿದರು. ಮುಂಬಯಿ ಸರಕಾರ 1934ರಲ್ಲಿ ಮಾಡಿತು. ಕರ್ನಾಟಕ ಸರಕಾರ 1982ರಲ್ಲಿ ಮಾಡಿತು. ಮೂರು ಕಾಯ್ದೆ! ಆದರೂ ಬಡವರ ಕೂಸುಗಳ ಕೊರಳಿಗೆ ಮುತ್ತು ಕಟ್ಟುವದು ನಿಲ್ಲಲಿಲ್ಲ. ಯಾಕಂದರೆ ಕಾಯ್ದೆ ಇದ್ದದ್ದು ಕಚೇರಿಯಲ್ಲಿ, ಮುತ್ತು ಕಟ್ಟಿದ್ದು ಕೇರಿಯಲ್ಲಿ. 1980ರ ದಶಕದಲ್ಲಿ ಅಥಣಿಯ ವಕೀಲ ಬಿ. ಎಲ್. ಪಾಟೀಲರು ವಿಮೋಚನಾ ಸಂಘ ಕಟ್ಟಿ ಆ ತಾಯಂದಿರ ಮಕ್ಕಳನ್ನು ಶಾಲೆಗೆ ತಂದರು. 1997ರಲ್ಲಿ ಘಟಪ್ರಭೆಯಲ್ಲಿ ಮಾಜಿ ದೇವದಾಸಿಯರೇ ಕೂಡಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿಕೊಂಡರು. ಎಳೆಯ ವಯಸ್ಸಿನಲ್ಲಿಯೇ ದೇವರಿಗೆ ಬಿಡಲ್ಪಟ್ಟ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಅದನ್ನು ಮುನ್ನಡೆಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ನೊಂದವರೇ ಓಣಿ ಓಣಿ ತಿರುಗಿದಾಗ ಕಾಯ್ದೆಗೆ ಕಾಲು ಬಂದವು.

ಇಲ್ಲಿಯೂ ಹೆಸರಿನ ಪ್ರಶ್ನೆಯೇ. ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಕಲಮಿನ ಮುಂದೆ ಆ ಮಗು ತಲೆ ತಗ್ಗಿಸಿ ನಿಲ್ಲುವದು. ತಪ್ಪು ಮಗುವಿನದಲ್ಲ, ಕಲಮಿನದು. 2025ರ ಆಗಸ್ಟಿನಲ್ಲಿ ನಮ್ಮ ವಿಧಾನಮಂಡಲ ಒಪ್ಪಿದ ಹೊಸ ವಿಧೇಯಕ ತಂದೆಯ ಹೆಸರು ಕಡ್ಡಾಯವಲ್ಲವೆಂದು ಹೇಳಿತು. ತಾಯಿಯ ಹೆಸರು ಸಾಕೆಂಬ ಮಾತನ್ನು ಸರಕಾರದ ಬಾಯಿಂದ ಹೊರಡಿಸಲು ಆ ತಾಯಂದಿರು ಎಷ್ಟು ವರ್ಷ ಕೂಗಿದರೆಂಬುದನ್ನು ಮರೆಯಬೇಡಿರಿ.

ಇನ್ನು ಹೊಲದ ಮಾತು. 1956ರ ವಾರಸಾ ಕಾಯ್ದೆ ತಂದೆಯ ಸ್ವಂತ ಗಳಿಕೆಯಲ್ಲಿ ಹಿಂದೂ ಮಗಳಿಗೆ ಪಾಲು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಮಗನಂತೆ ಹುಟ್ಟಿನ ಹಕ್ಕು ಕೊಡಲಿಲ್ಲ. ಕರ್ನಾಟಕದಲ್ಲಿ 1994ರಿಂದ, ಅದುವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಅದು ಬಂದಿತು. 2005ರ ತಿದ್ದುಪಡಿ ಮದುವೆಯಾದವರನ್ನೂ ಕೂಡಿಸಿತು. ತಂದೆ 2005ಕ್ಕಿಂತ ಮೊದಲೇ ತೀರಿದ್ದರೂ ಮಗಳ ಹಕ್ಕು ಹೋಗದೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಕೃಷ್ಣೆಯ ದಂಡೆಯಲ್ಲಿ, ಉಗಾರ, ಕಾಗವಾಡದ ಕಡೆಗೆ ಕಬ್ಬಿನ ಹೊಲಕ್ಕೆ ಬಂಗಾರದ ಬೆಲೆ. ಆದರೆ ಉತಾರ ತೆಗೆಸಿ ನೋಡಿರಿ, ಎಷ್ಟು ಅಕ್ಕತಂಗಿಯರ ಹೆಸರಿದೆ? ಪಂಚಮಿಗೆ ತವರಿಗೆ ಬಂದ ತಂಗಿಗೆ ಒಂದು ಸೀರೆ, ಒಂದು ಕುಬಸ. ಜೊತೆಗೆ ಹಕ್ಕು ಬಿಟ್ಟ ಪತ್ರಕ್ಕೆ ಸಹಿ. ತವರು ತಪ್ಪೀತೆಂಬ ಭಯದಿಂದ ಅವಳು ಸಹಿ ಮಾಡುವಳು. ಅಣ್ಣನ ಪ್ರೀತಿ ಒಂದು ಸಹಿಯ ಮೇಲೆ ನಿಂತಿದ್ದರೆ ಅದು ಎಂಥ ಪ್ರೀತಿ? ಗಂಡಸರೂ ಈ ಪ್ರಶ್ನೆಗೆ ಉತ್ತರ ಕೊಡಬೇಕು. ನಮ್ಮ ಕಾರ್ಯಕರ್ತರು ತಮ್ಮ ತಮ್ಮ ಮನೆಯಲ್ಲಿ ಮೊದಲು ಕೊಡಬೇಕು.

ಗಳಿಸಿದ್ದು ಗಳಿಸಿದಂತೆಯೇ ಉಳಿಯುವದೆಂದೂ ನಂಬಬೇಡಿರಿ. ಕಲ್ಯಾಣ ನಿಧಿಗೆ ಹಣ ತರುತ್ತಿದ್ದ ಬೀಡಿಯ ಉಪಕರ 2017ರಲ್ಲಿ ಜಿಎಸ್‌ಟಿಯೊಂದಿಗೆ ರದ್ದಾಯಿತು. ಅಂದಿನಿಂದ ನಿಧಿ ಸರಕಾರದ ಮುಂಗಡಪತ್ರದ ಕಡೆಗೆ ಕೈಯೊಡ್ಡಬೇಕಾಯಿತು. 1966ರ ಬೀಡಿ ಕಾಯ್ದೆಯೂ ಪ್ರತ್ಯೇಕವಾಗಿ ಉಳಿಯಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಕರಗಿತು. ಹೊಸ ನಿಯಮದಲ್ಲಿ ಮನೆಯಲ್ಲಿ ಕಟ್ಟುವವಳ ಸ್ಥಾನವೇನೆಂದು ಕೇಳುವವರು ನಾವೇ ಆಗಬೇಕು. 1917ರ ಮಾರ್ಚ್ 8ರಂದು ಪೆಟ್ರೋಗ್ರಾಡಿನ ಬಟ್ಟೆ ಗಿರಣಿಯ ಹೆಣ್ಣುಮಕ್ಕಳು ರೊಟ್ಟಿ ಕೇಳಿ ಬೀದಿಗಿಳಿದಾಗ ಯಾರ ಅಪ್ಪಣೆಗೂ ಕಾದಿರಲಿಲ್ಲ.

ಕೊನೆಗೆ ಒಂದು ಕೆಲಸ ಹೇಳಿ ಮುಗಿಸುವೆನು. ಮುಂದಿನ ವರ್ಗಕ್ಕೆ ಬರುವಾಗ ಪ್ರತಿಯೊಬ್ಬರೂ ಮೂರು ಕಾಗದ ತರಬೇಕು: ಬೀಡಿಯ ಪುಸ್ತಕ ಅಥವಾ ಗುರುತಿನ ಚೀಟಿ, ಮತದಾರರ ಚೀಟಿ, ತವರಿನ ಮತ್ತು ಗಂಡನ ಮನೆಯ ಹೊಲದ ಉತಾರ. ಓದಲು ಬಾರದವರಿಗೆ ಓದಲು ಬರುವವರು ಓದಿ ಹೇಳಿರಿ. ಯಾವದರಲ್ಲಿ ನಿಮ್ಮ ಹೆಸರಿಲ್ಲವೋ ಅದರ ಯಾದಿ ಮಾಡೋಣ. ಆ ಯಾದಿ ಹಿಡಿದು ಒಬ್ಬಳ ಸಲುವಾಗಿ ಐವತ್ತು ಮಂದಿ ಕಚೇರಿಗೆ ಹೋಗೋಣ. ಹೆಸರು ಬರೆಯುವ ತನಕ ಅಲ್ಲಿಂದ ಏಳುವದು ಬೇಡ.