ಡೈರಿ ಕೌಂಟರಿಗೆ ಕಾರ್ಡ್ ಮಿಷನ್ನೋ, ಕ್ಯೂಆರ್ ಹಲಗೆಯೋ?
(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮಗೆ ಕೊಟ್ಟಿರುವ ವಿಷಯ ದೊಡ್ಡ ವಿಷಯವೇನಲ್ಲ, ಚಿಲ್ಲರೆ ವಿಷಯ. ಆದರೆ ಚಿಲ್ಲರೆಯಲ್ಲೇ ಸಂಘ ಉಳಿಯೋದು, ಚಿಲ್ಲರೆಯಲ್ಲೇ ಸಂಘ ಮುಳುಗೋದು ಎಂಬುದನ್ನು ಅಕ್ಕಪಕ್ಕದ ಊರುಗಳಲ್ಲಿ ತಾವೆಲ್ಲ ಕಂಡಿದ್ದೀರಿ. ಬೆಳಿಗ್ಗೆ ಸಂಜೆ ನಮ್ಮ ಕೌಂಟರಿನಲ್ಲಿ ಅರ್ಧ ಲೀಟರ್, ಒಂದು ಲೀಟರ್ ಹಾಲು ತಗೊಳ್ಳಲು ಬರುವವರು ಮೇಷ್ಟ್ರುಗಳು, ಹೋಟೆಲಿನವರು, ಬಾಡಿಗೆ ಮನೆಯವರು. ಅವರ ಕೈಯಲ್ಲಿ ನೋಟು ಕಡಿಮೆ, ಫೋನು ಜಾಸ್ತಿ. ನೋಟು ಕೊಟ್ಟರೆ ನಮ್ಮ ಹತ್ತಿರ ಚಿಲ್ಲರೆ ಇಲ್ಲ. ಹೀಗಾಗಿ ಕಾರ್ಡ್ ಮಿಷನ್ ಇಡಬೇಕೇ, ಕ್ಯೂಆರ್ ಹಲಗೆ ಸಾಕೇ, ಯಾರ ಹತ್ತಿರ ತರಿಸಬೇಕು ಎಂದು ಆಡಳಿತ ಮಂಡಳಿಯವರಾದ ನಾವು ಮೂರು ಸಭೆಗಳಲ್ಲಿ ಚರ್ಚೆ ಮಾಡಿದೆವು.

ಮಿಷನ್ ಮಾರುವವರು ಬಂದರು. ಹೆಸರು ಬೇಡ. ಬಂದವರೆಲ್ಲ ಮೊದಲು ಹೇಳುವುದು ಶೇಕಡಾ ಲೆಕ್ಕ. "ಸಾರ್, ನಮ್ಮದು ಬರೀ ಶೇಕಡಾ ಒಂದರ ಒಳಗೆ" ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಶೇಕಡಾವಾರು ಕಡಿತದ ವಿಷಯದಲ್ಲಿ ರಿಸರ್ವ್ ಬ್ಯಾಂಕು 2018ರ ಜನವರಿ 1ರಿಂದ ಡೆಬಿಟ್ ಕಾರ್ಡಿಗೆ ಮಿತಿ ಹಾಕಿದೆ. ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟು ಇರುವ ವ್ಯಾಪಾರಿಗೆ ಮಿಷನ್ನಿನಲ್ಲಿ ಶೇಕಡಾ 0.40, ಅದಕ್ಕಿಂತ ಹೆಚ್ಚಿನವರಿಗೆ ಶೇಕಡಾ 0.90. ಇದಕ್ಕಿಂತ ಜಾಸ್ತಿ ಹಿಡಿಯುವ ಹಾಗಿಲ್ಲ. ನಮ್ಮ ಕೌಂಟರ್ ಮಾರಾಟ ಸಣ್ಣದು. ಆದರೆ ಒಕ್ಕೂಟಕ್ಕೆ ಕಳಿಸುವ ಹಾಲಿನ ಹಣ ಸೇರಿಸಿದರೆ ಸಂಘದ ವಹಿವಾಟು 20 ಲಕ್ಷ ಯಾವತ್ತೋ ದಾಟಿದೆ. ಆದ್ದರಿಂದ ನಾವು ದೊಡ್ಡ ವ್ಯಾಪಾರಿಗಳ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿಯಿಲ್ಲ, ಅದು ಬ್ಯಾಂಕಿನವರು ಮತ್ತು ನಾವು ಕೂತು ಮಾತಾಡಿಕೊಳ್ಳುವ ದರ.

ಈಗ 25 ರೂಪಾಯಿ ಹಾಲು ಮಾರಿದೆವು ಎಂದಿಟ್ಟುಕೊಳ್ಳಿ. ಶೇಕಡಾ 0.90 ಅಂದರೆ ಇಪ್ಪತ್ತೆರಡೂವರೆ ಪೈಸೆ. ಇದರಿಂದ ಯಾರ ಮನೆಯೂ ಹಾಳಾಗೋದಿಲ್ಲ. ಹಾಳು ಮಾಡುವುದು ಬೇರೆ ಎರಡು. ಒಂದು, ಪ್ರತಿ ವ್ಯವಹಾರಕ್ಕೆ ಇಂತಿಷ್ಟು ಎಂಬ ನಿಗದಿ ಕಡಿತ. ಅದು ಬರೀ 2 ರೂಪಾಯಿ ಇದ್ದರೂ 25 ರೂಪಾಯಿಗೆ ನೂರಕ್ಕೆ ಎಂಟು ಹೋಯಿತು. 1,400 ರೂಪಾಯಿಯ ಫೀಡ್ ಮೂಟೆಗೆ ಅದೇ 2 ರೂಪಾಯಿ ಲೆಕ್ಕಕ್ಕೇ ಬರೋದಿಲ್ಲ. ಇನ್ನೊಂದು ತಿಂಗಳ ಬಾಡಿಗೆ. ಮಿಷನ್ನಿನ ಬಾಡಿಗೆ 400 ರೂಪಾಯಿ ಆಗಿ, ತಿಂಗಳಿಗೆ 8,000 ರೂಪಾಯಿ ಮಾತ್ರ ಕಾರ್ಡಿನಲ್ಲಿ ಬಂದರೆ ಬಾಡಿಗೆಯೊಂದೇ ನೂರಕ್ಕೆ ಐದಾಯಿತು. 40,000 ಬಂದರೆ ನೂರಕ್ಕೆ ಒಂದು. ಪಟ್ಟಣದ ಬಟ್ಟೆ ಅಂಗಡಿಗೆ ಸರಿ ಹೋಗುವ ಮಿಷನ್ನು ಹಳ್ಳಿಯ ಹಾಲಿನ ಕೌಂಟರಿಗೆ ಭಾರವಾಗುವುದು ಇಲ್ಲೇ. ಲೀಟರಿಗೆ ನಮಗೆ ಉಳಿಯುವುದು ಎಷ್ಟು ಎಂದು ಇಲ್ಲಿ ಕೂತಿರುವ ನಿಮಗೆ ನಾವು ಹೇಳಬೇಕೇ? ಶೇಕಡಾವಾರು ಕೇಳುವ ಮೊದಲು ಬಾಡಿಗೆ ಎಷ್ಟು, ನಿಗದಿ ಕಡಿತ ಎಷ್ಟು, ಕನಿಷ್ಠ ವ್ಯವಹಾರದ ಕಟ್ಟುಪಾಡು ಉಂಟೋ, ಒಂದು ವರ್ಷಕ್ಕೆ ಮುಂಚೆ ಮಿಷನ್ ವಾಪಸ್ ಕೊಟ್ಟರೆ ದಂಡ ಉಂಟೋ ಎಂದು ಕೇಳಿದೆವು. ಒಬ್ಬರಂತೂ ಆಮೇಲೆ ಫೋನೇ ಎತ್ತಲಿಲ್ಲ!

ಇನ್ನು ಕ್ಯೂಆರ್ ವಿಷಯ. 2020ರ ಜನವರಿ 1ರಿಂದ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ವ್ಯಾಪಾರಿಯಿಂದ ಕಡಿತವೇ ಇಲ್ಲ ಎಂದು ಕೇಂದ್ರ ಸರ್ಕಾರ ಮಾಡಿದೆ. ಹಾಗಾದರೆ ಬ್ಯಾಂಕಿನವರಿಗೆ ಖರ್ಚು ಯಾರು ಕೊಡುತ್ತಾರೆ ಎಂದು ನಮ್ಮ ಮಂಡಳಿಯಲ್ಲೇ ಒಬ್ಬರು ಕೇಳಿದರು. ಒಳ್ಳೇ ಪ್ರಶ್ನೆ. ಸ್ವಲ್ಪ ಸರ್ಕಾರ ಕೊಡುತ್ತದೆ. 2024-25ನೇ ಸಾಲಿಗೆ, ಸಣ್ಣ ವ್ಯಾಪಾರಿಗಳಲ್ಲಿ 2,000 ರೂಪಾಯಿಯೊಳಗಿನ ಯುಪಿಐ ವ್ಯವಹಾರಕ್ಕೆ ಪ್ರೋತ್ಸಾಹಧನವೆಂದು ಸುಮಾರು 1,500 ಕೋಟಿಯ ಯೋಜನೆಗೆ 2025ರ ಮಾರ್ಚಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಪರರ ದುಡ್ಡಿನಲ್ಲಿ ನಡೆಯುವ ಸವಲತ್ತು ಎಂದೆಂದಿಗೂ ಹೀಗೇ ಇರುತ್ತದೆಂದು ನಂಬಿ ಯಾರೊಂದಿಗೂ ಮೂರು ವರ್ಷದ ಕರಾರು ಮಾಡಿಕೊಳ್ಳಬಾರದು ಎಂಬುದು ನಮ್ಮ ಅಭಿಪ್ರಾಯ. ಹಣ ಬಂತು ಎಂದು ಕೂಗಿ ಹೇಳುವ ಡಬ್ಬಿಗೆ ಮಾತ್ರ ಬಾಡಿಗೆ ಕೇಳುತ್ತಾರೆ. ಅದು ಬೇಕೇ ಬೇಕು. ಬೆಳಿಗ್ಗೆ ಆರು ಗಂಟೆಗೆ ಹಾಲು ಅಳೆಯುತ್ತಾ ಪ್ರತಿಯೊಬ್ಬರ ಫೋನು ಇಣುಕಿ ನೋಡಲು ಕಾರ್ಯದರ್ಶಿಗಳಿಗೆ ಎರಡು ತಲೆ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಕೆಲವು ಊರುಗಳಲ್ಲಿ ಕಾರ್ಯದರ್ಶಿಯ ಸ್ವಂತ ಫೋನಿನ ಕ್ಯೂಆರ್ ಅನ್ನೇ ಗೋಡೆಗೆ ಅಂಟಿಸಿಬಿಡುತ್ತಾರೆ. ಐದು ನಿಮಿಷದ ಕೆಲಸ, ಕಾಗದ ಪತ್ರ ಏನೂ ಬೇಡ. ಆದರೆ ಸಂಘದ ದುಡ್ಡು ಆ ಮನುಷ್ಯನ ಉಳಿತಾಯ ಖಾತೆಗೆ ಹೋಯಿತು. ಅವನ ಮನೆಯ ಚೀಟಿ ದುಡ್ಡೂ, ಮಗನ ಫೀಸೂ, ನಮ್ಮ ಹಾಲಿನ ದುಡ್ಡೂ ಒಂದೇ ಕಡೆ. ಆತ ಎಷ್ಟೇ ಪ್ರಾಮಾಣಿಕನಾಗಿರಲಿ, ಲೆಕ್ಕ ಪರಿಶೋಧಕರು ಬಂದಾಗ ಯಾವ 25 ರೂಪಾಯಿ ಯಾರದ್ದೆಂದು ತೋರಿಸುವುದು ಹೇಗೆ? 1959ರ ಸಹಕಾರ ಸಂಘಗಳ ಕಾಯ್ದೆಯಡಿ ನಮ್ಮ ಲೆಕ್ಕ ಪ್ರತಿ ವರ್ಷ ಪರಿಶೋಧನೆಯಾಗಬೇಕು. ಒಳ್ಳೆಯ ಕಾರ್ಯದರ್ಶಿಗೆ ಕೆಟ್ಟ ಹೆಸರು ಬರುವುದು ಇಂಥ ಕಡೆಯೇ. ಆದ್ದರಿಂದ ಸಂಘದ ಹೆಸರಿನ ಚಾಲ್ತಿ ಖಾತೆ, ಆ ಖಾತೆಗೇ ಕ್ಯೂಆರ್, ಹಣ ಜಮಾ ಆದ ಸಂದೇಶ ಕಾರ್ಯದರ್ಶಿಗೂ ಅಧ್ಯಕ್ಷರಿಗೂ ಇಬ್ಬರಿಗೂ. ಸಂಜೆ ಕೌಂಟರ್ ಮುಚ್ಚುವಾಗ ಅಂದಿನ ಜಮೆಯನ್ನು ನಗದು ಪುಸ್ತಕದ ಪಕ್ಕದಲ್ಲೇ ಬರೆಯಬೇಕು. ಈ ಒಂದು ಷರತ್ತಿಗೆ ಒಪ್ಪದವರ ಹಲಗೆ ನಮಗೆ ಪುಕ್ಕಟೆ ಕೊಟ್ಟರೂ ಬೇಡ.

2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಸಣ್ಣ ಅಂಗಡಿಯವರಿಗೆ ಯುಪಿಐ ಲೆಕ್ಕ ನೋಡಿ ತೆರಿಗೆ ನೋಟಿಸು ಬಂತಲ್ಲ, ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂದು ಚೀಟಿ ಅಂಟಿಸಿದರಲ್ಲ, ಅದನ್ನು ಕೇಳಿ ನಮ್ಮಲ್ಲೂ ಕೆಲವರಿಗೆ ದಿಗಿಲು. "ನಮ್ಮ ಹಾಲಿನ ದುಡ್ಡಿಗೂ ನೋಟಿಸು ಬರ್ತದಾ ಅಣ್ಣಾ?" ಎಂದು ಕೇಳುತ್ತಾರೆ. ಹಸಿ ಹಾಲಿಗೆ ಜಿಎಸ್‌ಟಿ ಇಲ್ಲ. ಕೌಂಟರಿನಲ್ಲಿ ಹಾಲು ಮಾರುವುದು ಸಂಘ, ಸದಸ್ಯರಲ್ಲ. ನಿಮ್ಮ ಬಟವಾಡೆ ಹೇಗೂ ಬ್ಯಾಂಕ್ ಖಾತೆಗೇ ಬರುತ್ತಿದೆ, ಅದರಲ್ಲಿ ಮುಚ್ಚುವಂಥದ್ದು ಏನಿದೆ? ಮುಚ್ಚುವುದಿಲ್ಲದವರಿಗೆ ಬ್ಯಾಂಕಿನ ದಾಖಲೆ ಸಾಕ್ಷಿಯೇ ಹೊರತು ಶತ್ರುವಲ್ಲ.

ದುಡ್ಡು ಕಟ್ ಆಯಿತು, ಡಬ್ಬಿ ಮಾತಾಡಲಿಲ್ಲ ಎಂಬ ಜಗಳ ಎಲ್ಲ ಕಡೆ ಇದ್ದದ್ದೇ. 2019ರಲ್ಲಿ ರಿಸರ್ವ್ ಬ್ಯಾಂಕು ಇದಕ್ಕೆ ನಿಯಮ ಮಾಡಿದೆ. ವ್ಯಾಪಾರಿಗೆ ತಲುಪದ ಯುಪಿಐ ಹಣ ಐದು ದಿನದೊಳಗೆ ತಾನಾಗಿ ವಾಪಸ್ ಹೋಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದನ್ನು ಕನ್ನಡದಲ್ಲಿ ಬರೆಸಿ ಕೌಂಟರಿನ ಮೇಲೆ ಹಾಕಿಸುತ್ತೇವೆ. ಪಾಸ್‌ಬುಕ್ ತುಂಬ 25, 25 ಎಂದು ಬರುತ್ತದೆ ಎನ್ನುವ ಗಿರಾಕಿಗಳು 2022ರಲ್ಲಿ ಬಂದ ಯುಪಿಐ ಲೈಟ್ ಇಟ್ಟುಕೊಳ್ಳಬಹುದು. ಸಣ್ಣ ಮೊತ್ತಕ್ಕೆ ಪಿನ್ ಒತ್ತುವುದೂ ಬೇಡ.

ಇಷ್ಟಾದ ಮೇಲೂ ಸದಸ್ಯರಾದ ನಿಮಗೆ ಇದ್ಯಾವುದೂ ಕಡ್ಡಾಯವಲ್ಲ. ಫೀಡ್ ಮೂಟೆ, ಖನಿಜ ಮಿಶ್ರಣ ತಗೊಂಡು ಹಾಲಿನ ಬಿಲ್ಲಿನಲ್ಲಿ ಹಿಡಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಇಪ್ಪತ್ತೈದು ವರ್ಷದಿಂದ ಇದೆ. ಅದಕ್ಕೆ ಬಾಡಿಗೆ ಇಲ್ಲ, ನೆಟ್‌ವರ್ಕ್ ಬೇಡ, ಕಡಿತವೂ ಇಲ್ಲ. ಇದಕ್ಕಿಂತ ಅಗ್ಗದ ಮಿಷನ್ನು ಯಾವ ಕಂಪನಿಯೂ ಕೊಡಲಾರದು. ಅದು ಮುಂದುವರಿಯುತ್ತದೆ. ಅಜ್ಜಿಯರು ಸೆರಗಿನಲ್ಲಿ ಗಂಟು ಹಾಕಿ ತರುವ ನಗದೂ ನಡೆಯುತ್ತದೆ.

ಕಾರ್ಡ್ ಮಿಷನ್ನು ಸದ್ಯಕ್ಕೆ ಬೇಡ ಎಂದು ತೀರ್ಮಾನಿಸಿದ್ದೇವೆ. ಆದರೆ ಬಾಗಿಲು ಮುಚ್ಚಿಲ್ಲ. ಗುಜರಾತಿನ ಬನಾಸಕಾಂಠಾ, ಪಂಚಮಹಲ್ ಜಿಲ್ಲೆಗಳಲ್ಲಿ 2023ರಿಂದ ಹಾಲಿನ ಸಂಘಗಳನ್ನೇ ಜಿಲ್ಲಾ ಸಹಕಾರಿ ಬ್ಯಾಂಕಿನ ಬ್ಯಾಂಕ್ ಮಿತ್ರರನ್ನಾಗಿ ಮಾಡಿ, ಮೈಕ್ರೋ ಎಟಿಎಂ ಕೊಟ್ಟು, ಸದಸ್ಯರಿಗೆ ರುಪೇ ಕಿಸಾನ್ ಕಾರ್ಡ್ ಹಂಚಿದ್ದಾರೆ. ಅಲ್ಲಿ ಹಾಲಿನ ದುಡ್ಡನ್ನು ಡೈರಿಯಲ್ಲೇ ಬಿಡಿಸಿಕೊಳ್ಳಬಹುದು. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ ಬ್ಯಾಂಕಿಗೆ ಹೋಗುವುದು ತಪ್ಪುತ್ತದೆ. ಅಂಥ ಮಿಷನ್ ಬಾಡಿಗೆಯಿಲ್ಲದೆ ನಮಗೂ ಸಿಗುವುದೇ ಎಂದು ಜಿಲ್ಲಾ ಬ್ಯಾಂಕಿಗೆ ಪತ್ರ ಬರೆಯಲು ಮಂಡಳಿ ಒಪ್ಪಿದೆ. ಉತ್ತರ ಬಂದ ಕೂಡಲೇ ಮಹಾಸಭೆಯ ಮುಂದೆ ಇಡುತ್ತೇವೆ. ಅಲ್ಲಿಯವರೆಗೆ ಸಂಘದ ಖಾತೆಯ ಕ್ಯೂಆರ್ ಹಲಗೆ ಕೌಂಟರಿನ ಬಲಗಡೆ ಇರುತ್ತದೆ. ಹಣ ಹಾಕುವ ಮುಂಚೆ ಫೋನಿನಲ್ಲಿ ಸಂಘದ ಹೆಸರು ಬಂತೇ ಎಂದು ದಯವಿಟ್ಟು ಓದಿ ನೋಡಿ. ಬೇರೆ ಹೆಸರು ಕಂಡರೆ ಅಲ್ಲೇ ನಿಲ್ಲಿಸಿ ನಮ್ಮಲ್ಲಿ ಯಾರಿಗಾದರೂ ತಿಳಿಸಿ.